ಮೀಸಲು ನಿವೇಶನಗಳಿಗೆ 2028ರ ವಾಯಿದೆ: ಮುಂಬಯಿಯ ಸಂಘ-ಸಂಸ್ಥೆಗಳು ನಕ್ಷೆ ಓದಬೇಕಾದ ಕಾಲ

ಬೃಹನ್ಮುಂಬಯಿ ಮಹಾನಗರ ಪಾಲಿಕೆಗೆ 2026ರ ಜನವರಿ 15ರಂದು ಚುನಾವಣೆ ನಡೆದು 227 ನಗರ ಸೇವಕರು ಆಯ್ಕೆಯಾದರು. ಹಿಂದಿನ ಸಭೆಯ ಅವಧಿ 2022ರ ಮಾರ್ಚ್ 7ಕ್ಕೆ ಮುಗಿದಿತ್ತು. ನಡುವಿನ ಸುಮಾರು ನಾಲ್ಕು ವರ್ಷ ಪಾಲಿಕೆಯಲ್ಲಿ ಆಡಳಿತಾಧಿಕಾರಿಯ ಕಾರುಬಾರು. ರಸ್ತೆ, ಗಟಾರ, ಬೀದಿದೀಪ, ಮೈದಾನ ಯಾವುದಕ್ಕೇ ಆಗಲಿ, ಜನ ಬಾಗಿಲು ತಟ್ಟಲು ತಮ್ಮ ವಾರ್ಡಿನ ಪ್ರತಿನಿಧಿ ಎಂಬವರು ಇರಲಿಲ್ಲ. ಚುನಾವಣೆಯೊಂದಿಗೆ ಆ ಕೊರತೆ ನೀಗಿದೆ.

ಪ್ರತಿ ಚುನಾವಣೆಯ ಬಳಿಕ ಮುಂಬಯಿಯ ಸಂಘ-ಸಂಸ್ಥೆಗಳಲ್ಲಿ ನಡೆಯುವುದು ಎಲ್ಲರಿಗೂ ತಿಳಿದದ್ದೇ. ಹೊಸ ನಗರ ಸೇವಕರನ್ನು ಆಹ್ವಾನಿಸಿ ಶಾಲು ಹೊದೆಸಿ, ಫಲಪುಷ್ಪ ನೀಡಿ, ಕೊನೆಗೊಂದು ಮನವಿ ಪತ್ರ ಕೈಗಿಡಲಾಗುತ್ತದೆ. ಸಂಘದ ಕಚೇರಿಯ ಎದುರಿನ ಫುಟ್‌ಪಾತ್ ಸರಿಯಾಗಲಿ, ಹಿರಿಯ ನಾಗರಿಕರಿಗೆ ಒಂದು ಕೊಠಡಿ ಸಿಗಲಿ, ವಾಚನಾಲಯಕ್ಕೆ ಜಾಗ ದೊರೆಯಲಿ ಎಂಬ ಬೇಡಿಕೆಗಳು ಅದರಲ್ಲಿರುತ್ತವೆ. ಅತಿಥಿಗಳು ಭರವಸೆ ನೀಡುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಮುಂದಿನ ವರ್ಷದ ಮಹಾಸಭೆಯಲ್ಲಿ ಅದೇ ಮನವಿಯ ಪ್ರಸ್ತಾಪ ಮತ್ತೆ ಬರುತ್ತದೆ.

ಇದಕ್ಕೆ ನಗರ ಸೇವಕರ ಅನಾಸ್ಥೆಯೊಂದೇ ಕಾರಣವಲ್ಲ. ಯಾವ ಜಾಗದಲ್ಲಿ ಏನು ಬರಬೇಕು, ಯಾವ ರಸ್ತೆ ಎಷ್ಟು ಅಗಲವಾಗಬೇಕು ಎಂಬುದು ಮನವಿ ಬರೆಯುವ ಎಷ್ಟೋ ವರ್ಷ ಮೊದಲೇ ಒಂದು ನಕ್ಷೆಯಲ್ಲಿ ತೀರ್ಮಾನವಾಗಿರುತ್ತದೆ. ಆ ನಕ್ಷೆಗೊಂದು ವಾಯಿದೆಯೂ ಇದೆ. ಮುಂಬಯಿಯ ಮಟ್ಟಿಗೆ ಅದರ ಮುಖ್ಯ ದಿನಾಂಕ 2028ರ ಸೆಪ್ಟೆಂಬರ್. ಅದರೊಳಗೆ ಎಚ್ಚರವಾಗದಿದ್ದರೆ ಶಾಲೆ, ಗ್ರಂಥಾಲಯ, ಸಮಾಜ ಕಲ್ಯಾಣ ಕೇಂದ್ರಗಳಿಗೆಂದು ಕಾದಿರಿಸಿದ ಖಾಸಗಿ ನಿವೇಶನಗಳಲ್ಲಿ ಎಷ್ಟೋ ಕೈತಪ್ಪುವ ಸಾಧ್ಯತೆಯಿದೆ.

ಮೂರು ನಕ್ಷೆಗಳ ಕಥೆ

ಪಾಲಿಕೆಯ ಈ ನಕ್ಷೆಗೆ ಅಭಿವೃದ್ಧಿ ಯೋಜನೆ ಎಂದು ಹೆಸರು. ಕಚೇರಿಯ ಮಾತಿನಲ್ಲಿ ಡಿ.ಪಿ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ ಪ್ರಕಾರ ಇದನ್ನು ಕನಿಷ್ಠ 20 ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ನಗರದ ಪ್ರತಿಯೊಂದು ಜಾಗ ವಸತಿಗೋ, ವ್ಯಾಪಾರಕ್ಕೋ, ಕೈಗಾರಿಕೆಗೋ ಎಂಬುದು ಅದರಲ್ಲಿ ನಮೂದಾಗುತ್ತದೆ. ಮುಂದೆ ಬರಬೇಕಾದ ರಸ್ತೆ, ಉದ್ಯಾನ, ಮೈದಾನ, ಮಾರುಕಟ್ಟೆ, ಶಾಲೆ, ಆಸ್ಪತ್ರೆಗಳಿಗೆ ನಿರ್ದಿಷ್ಟ ನಿವೇಶನಗಳನ್ನು ಮೀಸಲಿಡಲಾಗುತ್ತದೆ.

ಮುಂಬಯಿಯ ಮೊದಲ ಯೋಜನೆ ಮಂಜೂರಾದದ್ದು 1960ರ ದಶಕದಲ್ಲಿ. ಎರಡನೆಯದು 1981ರಿಂದ 2001ರ ಅವಧಿಯದ್ದು. ಆದರೆ ಅದು ಭಾಗ ಭಾಗವಾಗಿ ಮಂಜೂರಾದದ್ದು 1991ರಿಂದ 1994ರ ನಡುವೆ. 20 ವರ್ಷದ ಯೋಜನೆಗೆ ಸಹಿ ಬೀಳುವಷ್ಟರಲ್ಲಿ ಅರ್ಧದಷ್ಟು ಕಾಲ ಸಂದಿತ್ತು. ಅದರಲ್ಲಿದ್ದ ಮೀಸಲು ನಿವೇಶನಗಳ ಬಹುಪಾಲು ಕಾಗದದಲ್ಲೇ ಉಳಿದವು. ಕೆಲವೆಡೆ ಝೋಪಡಿಗಳು ಎದ್ದವು, ಕೆಲವೆಡೆ ವ್ಯಾಜ್ಯ ಹತ್ತಿತು, ಇನ್ನು ಕೆಲವೆಡೆ ಪಾಲಿಕೆಯ ಬಳಿ ಸ್ವಾಧೀನಕ್ಕೆ ಹಣವಿಲ್ಲ ಎಂಬ ಉತ್ತರ ಬಂತು.

ಮೂರನೆಯದು 2034ರ ಯೋಜನೆ. ಇದರ ಮೊದಲ ಕರಡು 2015ರ ಫೆಬ್ರವರಿಯಲ್ಲಿ ಪ್ರಕಟವಾದಾಗ ದೊಡ್ಡ ಗದ್ದಲವೇ ಎದ್ದಿತು. ಪಾರಂಪರಿಕ ಕಟ್ಟಡಗಳು ನಕ್ಷೆಯಲ್ಲಿ ಮಾಯವಾಗಿದ್ದವು. ಇರುವ ಕಟ್ಟಡಗಳ ಮೇಲೆಯೇ ಹೊಸ ರಸ್ತೆಯ ಗೆರೆ ಎಳೆಯಲಾಗಿತ್ತು. ಗಾವಠಾಣ ಮತ್ತು ಕೋಳಿವಾಡಗಳ ಮೂಲ ನಿವಾಸಿಗಳು ತಮ್ಮ ಊರಿನ ಗಡಿಯನ್ನೇ ಗುರುತಿಸಿಲ್ಲವೆಂದು ಬೀದಿಗಿಳಿದರು. ನಾಗರಿಕರಿಂದ 60 ಸಾವಿರಕ್ಕೂ ಮಿಕ್ಕಿ ಆಕ್ಷೇಪ ಹಾಗೂ ಸಲಹೆಗಳು ಬಂದವು. ಆ ವರ್ಷ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಕರಡನ್ನು ರದ್ದುಪಡಿಸಿ ಹೊಸದಾಗಿ ತಯಾರಿಸಲು ಆದೇಶಿಸಿದರು. ಪರಿಷ್ಕೃತ ಕರಡು 2016ರ ಮೇಯಲ್ಲಿ ಬಂತು, ಪಾಲಿಕೆಯ ಸಭೆ 2017ರ ಜುಲೈ ಕೊನೆಗೆ ಒಪ್ಪಿತು, ರಾಜ್ಯ ಸರಕಾರ 2018ರ ಮೇಯಲ್ಲಿ ಮಂಜೂರು ಮಾಡಿತು. 2018ರ ಸೆಪ್ಟೆಂಬರ್ 1ರಿಂದ ಯೋಜನೆ ಜಾರಿಗೆ ಬಂತು.

ಈ ಇತಿಹಾಸದಲ್ಲಿ ಸಂಘ-ಸಂಸ್ಥೆಗಳಿಗೆ ಒಂದು ಪಾಠವಿದೆ. ನಕ್ಷೆಯನ್ನು ಎದುರಿಗೆ ಹರಡಿ ತಮ್ಮ ಗಲ್ಲಿಯ ತಪ್ಪನ್ನು ಬೆರಳಿಟ್ಟು ತೋರಿಸಿದವರ ಮಾತಿಗೆ ಬೆಲೆ ಬಂತು. ಕಾನೂನು ಕೊಟ್ಟ ಅವಧಿಯಲ್ಲಿ ಲಿಖಿತವಾಗಿ ಹೇಳದವರ ಅಹವಾಲು, ಅದೆಷ್ಟೇ ನ್ಯಾಯವಾಗಿದ್ದರೂ, ಕಡತ ಸೇರಲಿಲ್ಲ.

ಮೀಸಲು ಎಂದರೆ ಕಟ್ಟಡವಲ್ಲ

ಒಂದು ನಿವೇಶನ ಗ್ರಂಥಾಲಯಕ್ಕೋ ಕಲ್ಯಾಣ ಕೇಂದ್ರಕ್ಕೋ ಮೀಸಲಾಗಿದೆ ಎಂದು ಕೇಳಿದ ಕೂಡಲೇ ಅದು ಬಂದೇ ಬರುತ್ತದೆ ಎಂದು ಭಾವಿಸುವುದು ತಪ್ಪು. ಮೀಸಲು ಎಂಬುದು ಪಾಲಿಕೆ ತನ್ನ ಮೇಲೆ ಹೊತ್ತುಕೊಂಡ ಹೊಣೆ ಮಾತ್ರ. ಸಹಿ ಹಾಕಿದ ಚೆಕ್ಕು ಕೈಯಲ್ಲಿದ್ದರೂ ಅವಧಿಯೊಳಗೆ ಬ್ಯಾಂಕಿಗೆ ಹಾಕದಿದ್ದರೆ ಹಣವಾಗುವುದಿಲ್ಲ, ಇದೂ ಹಾಗೆಯೇ.

ಮೊದಲು ತಿಳಿಯಬೇಕಾದದ್ದು ಜಾಗ ಯಾರದೆಂಬುದು. ಪಾಲಿಕೆಯದೇ ಜಾಗವಾಗಿದ್ದರೆ ವಾಯಿದೆಯ ಭಯವಿಲ್ಲ. ಅಲ್ಲಿರುವುದು ಆಲಸ್ಯ ಹಾಗೂ ಅತಿಕ್ರಮಣದ ತೊಂದರೆ. ರಾಜ್ಯ ಅಥವಾ ಕೇಂದ್ರ ಸರಕಾರದ ಇಲಾಖೆಯ ಜಾಗವಾದರೆ ಹಸ್ತಾಂತರದ ಪತ್ರವ್ಯವಹಾರ ವರ್ಷಗಟ್ಟಲೆ ಎಳೆಯುತ್ತದೆ. ಖಾಸಗಿಯವರ ಜಾಗವಾದರೆ ಗಡಿಯಾರ ಓಡುತ್ತಿರುತ್ತದೆ.

ಖಾಸಗಿ ಜಾಗ ಪಡೆಯಲು ಕಾಯ್ದೆಯ 126ನೇ ಕಲಮು ಮೂರು ದಾರಿ ಹೇಳುತ್ತದೆ. ಒಪ್ಪಂದದ ಪ್ರಕಾರ ಹಣ ಕೊಡುವುದು ಒಂದು. ಹಣದ ಬದಲು ಬೇರೆಡೆ ಕಟ್ಟಲು ಬಳಸಬಹುದಾದ ಅಭಿವೃದ್ಧಿ ಹಕ್ಕು, ಅಂದರೆ ಮುಂಬಯಿಯಲ್ಲಿ ಎಲ್ಲರೂ ಟಿ.ಡಿ.ಆರ್. ಎಂದು ಕರೆಯುವ ಹಕ್ಕುಪತ್ರ ಅಥವಾ ಅದೇ ಜಾಗದಲ್ಲಿ ಹೆಚ್ಚುವರಿ ಎಫ್.ಎಸ್.ಐ. ಕೊಡುವುದು ಇನ್ನೊಂದು. ಭೂಸ್ವಾಧೀನ ಕಾಯ್ದೆಯನ್ನು ಬಳಸುವುದು ಮೂರನೆಯದು. ಇವಲ್ಲದೆ ಅಕಾಮಡೇಶನ್ ರಿಸರ್ವೇಶನ್ ಎಂಬ ಪದ್ಧತಿಯೂ ಇದೆ. ಮಾಲಿಕ ತನ್ನ ಜಾಗದಲ್ಲಿ ನಿಯಮದಲ್ಲಿ ಹೇಳಿದಷ್ಟು ಪಾಲಿನ ಸೌಲಭ್ಯ ಕಟ್ಟಿ ಪಾಲಿಕೆಗೆ ಪುಕ್ಕಟೆ ಒಪ್ಪಿಸಿ, ಉಳಿದದ್ದನ್ನು ತನ್ನ ಇಚ್ಛೆಯಂತೆ ಅಭಿವೃದ್ಧಿಪಡಿಸಬಹುದು. ಇದರಿಂದ ಪಾಲಿಕೆಗೆ ಖರ್ಚಿಲ್ಲದೆ ಕಟ್ಟಡ ಸಿಗುತ್ತದೆ. ಆದರೆ ಹಿಂಬದಿಯ ಮೂಲೆಗೆ, ಕಾರು ನಿಲ್ಲಿಸುವ ಜಾಗದ ಪಕ್ಕಕ್ಕೆ ಸಾರ್ವಜನಿಕ ಕೇಂದ್ರವನ್ನು ತಳ್ಳಿಬಿಟ್ಟರೆ ಜನರಿಗೆ ಅದರ ದಾರಿಯೇ ಕಾಣದು. ಕಟ್ಟಡದ ನಕ್ಷೆ ಮಂಜೂರಾಗುವ ಹಂತದಲ್ಲೇ ಯಾರಾದರೂ ವಿಚಾರಿಸಿದರೆ ಮಾತ್ರ ಪ್ರವೇಶದ್ವಾರ ರಸ್ತೆಯ ಕಡೆಗೆ ಬರುತ್ತದೆ.

ಇನ್ನು ವಾಯಿದೆಯ ವಿಷಯ. ಅದೇ ಕಾಯ್ದೆಯ 127ನೇ ಕಲಮಿನ ಪ್ರಕಾರ, ಅಂತಿಮ ಯೋಜನೆ ಜಾರಿಗೆ ಬಂದ ದಿನದಿಂದ 10 ವರ್ಷದೊಳಗೆ ಮೀಸಲು ಜಾಗವನ್ನು ಒಪ್ಪಂದದಿಂದ ಪಡೆಯದಿದ್ದರೆ ಅಥವಾ ಸ್ವಾಧೀನ ಪ್ರಕ್ರಿಯೆ ಶುರುವಾಗದಿದ್ದರೆ, ಮಾಲಿಕ ಪಾಲಿಕೆಗೆ ಖರೀದಿ ನೋಟಿಸ್ ಕೊಡಬಹುದು. ನೋಟಿಸ್ ತಲುಪಿದ 24 ತಿಂಗಳೊಳಗೆ ಪಾಲಿಕೆ ಜಾಗ ಪಡೆಯಬೇಕು ಇಲ್ಲವೇ ಸ್ವಾಧೀನದ ಕ್ರಮಕ್ಕೆ ತೊಡಗಬೇಕು. ಎರಡೂ ಆಗದಿದ್ದರೆ ಮೀಸಲು ರದ್ದು. ಮಾಲಿಕ ಅಕ್ಕಪಕ್ಕದ ಜಾಗಗಳಿಗಿರುವ ನಿಯಮದಂತೆ ಅಲ್ಲಿ ಕಟ್ಟಿಕೊಳ್ಳಬಹುದು. ಒಂದು ಪತ್ರ ಬರೆದು, ಒಂದು ಠರಾವು ಪಾಸು ಮಾಡಿ ಕ್ರಮ ಕೈಗೊಂಡೆವು ಎನ್ನುವಂತಿಲ್ಲ. ಭೂಸ್ವಾಧೀನ ಕಾಯ್ದೆಯಡಿಯ ಘೋಷಣೆಯಂಥ ನಿಜವಾದ ಹೆಜ್ಜೆಯೇ ಬೇಕೆಂದು ಸುಪ್ರೀಂ ಕೋರ್ಟ್ 2007ರ ಗಿರ್ನಾರ್ ಟ್ರೇಡರ್ಸ್ ಪ್ರಕರಣದಲ್ಲಿ ಹೇಳಿದೆ.

2018ರ ಸೆಪ್ಟೆಂಬರ್ 1ಕ್ಕೆ 10 ವರ್ಷ ಕೂಡಿಸಿದರೆ 2028ರ ಸೆಪ್ಟೆಂಬರ್. 2026ರಲ್ಲಿ ಆಯ್ಕೆಯಾದ ನಗರ ಸೇವಕರ ಅವಧಿಯೊಳಗೇ ಆ ದಿನ ಬರುತ್ತದೆ. ಮೊದಲ ಸುಮಾರು ಮೂರೂವರೆ ವರ್ಷ ಹಳೆಯ ಸಭೆಯ ಕೊನೆಯ ದಿನಗಳಲ್ಲಿ ಹಾಗೂ ಕೋವಿಡ್‌ನಲ್ಲಿ ಹೋಯಿತು, ನಂತರದ ನಾಲ್ಕು ವರ್ಷ ಆಡಳಿತಾಧಿಕಾರಿಯ ಕಾಲದಲ್ಲಿ ಕಳೆಯಿತು. ಉಳಿದಿರುವುದು ಕೈಬೆರಳಿನಲ್ಲಿ ಎಣಿಸಬಹುದಾದ ತಿಂಗಳುಗಳು.

ಜಾಗದ ಮಾಲಿಕರದ್ದೂ ಒಂದು ವಾದವಿದೆ. ದಶಕಗಟ್ಟಲೆ ನಕ್ಷೆಯಲ್ಲಿ ಬಣ್ಣ ಬಳಿದಿಟ್ಟು, ಕೊಳ್ಳುವುದೂ ಇಲ್ಲ, ಕಟ್ಟಲು ಬಿಡುವುದೂ ಇಲ್ಲವೆಂದರೆ ಅವರು ಏನು ಮಾಡಬೇಕು? ಅವರ ಕಷ್ಟವನ್ನು ಕಾನೂನು ಗುರುತಿಸಿರುವುದು ಸರಿಯಾಗಿಯೇ ಇದೆ. ಪಾಲಿಕೆ ಸಕಾಲದಲ್ಲಿ ಪರಿಹಾರ ನೀಡಿದರೆ ಮಾಲಿಕನಿಗೂ ನ್ಯಾಯ, ನಾಗರಿಕರಿಗೂ ಸೌಲಭ್ಯ. ವಿಳಂಬವಾದಲ್ಲಿ ಮಾಲಿಕನಿಗೆ ನ್ಯಾಯಾಲಯದ ದಾರಿಯಾದರೂ ಇದೆ. ನಾಗರಿಕರಿಗೆ ಆ ಜಾಗ ಮತ್ತೆ ಸಿಗುವುದಿಲ್ಲ.

ರಸ್ತೆ ಕಾಂಕ್ರೀಟಾಯಿತು, ಫುಟ್‌ಪಾತ್?

ಬೀದಿಗಳ ಸುಧಾರಣೆಯಲ್ಲೂ ಲೆಕ್ಕಾಚಾರ ಇದೇ ರೀತಿಯದ್ದು. ಮುಂಬಯಿಯಲ್ಲಿ ಪಾಲಿಕೆಯ ರಸ್ತೆಗಳ ಒಟ್ಟು ಉದ್ದ ಸುಮಾರು 2,050 ಕಿಲೋಮೀಟರ್. 2023ರಿಂದ ಎರಡು ಹಂತಗಳಲ್ಲಿ ಸುಮಾರು 700 ಕಿಲೋಮೀಟರ್ ರಸ್ತೆಗಳ ಕಾಂಕ್ರೀಟೀಕರಣ ಕೈಗೆತ್ತಿಕೊಳ್ಳಲಾಯಿತು. ಗುಣಮಟ್ಟ ನೋಡಲು ಐ.ಐ.ಟಿ. ಬಾಂಬೆಯ ನೆರವು ಪಡೆಯಲಾಯಿತು. ದ್ವೀಪ ನಗರದ ಗುತ್ತಿಗೆದಾರರೊಬ್ಬರ ಗುತ್ತಿಗೆಯನ್ನು ಕೆಲಸ ಸಾಗದ ಕಾರಣ 2023ರಲ್ಲೇ ರದ್ದುಪಡಿಸಬೇಕಾಯಿತು. ಹೊಂಡಗಳ ನಗರ ಎಂಬ ಅಪಖ್ಯಾತಿಯಿಂದ ಪಾರಾಗಲು ಇದು ಅಗತ್ಯವೆಂದು ಪಾಲಿಕೆ ಹೇಳುತ್ತ ಬಂದಿದೆ. ಅದರಲ್ಲಿ ಸತ್ಯಾಂಶವೂ ಇದೆ. ಡಾಮರು ಪ್ರತಿ ಮಳೆಗಾಲಕ್ಕೂ ಕಿತ್ತು ಬರುತ್ತದೆ, ಕಾಂಕ್ರೀಟು ಹೆಚ್ಚು ಕಾಲ ನಿಲ್ಲುತ್ತದೆ.

ಆದರೆ ಕಾಂಕ್ರೀಟು ಹಾಕಿದ ಮೇಲೆ ತಪ್ಪು ತಿದ್ದುವುದು ಬಹಳ ದುಬಾರಿ. ನೀರಿನ ಕೊಳವೆ, ವಿದ್ಯುತ್ ಕೇಬಲ್, ಗ್ಯಾಸ್ ಪೈಪು ಇವುಗಳಿಗೆ ಮೊದಲೇ ದಾರಿ ಮಾಡಿಡದಿದ್ದರೆ ಹೊಸ ರಸ್ತೆಯನ್ನು ಮತ್ತೆ ಅಗೆಯಬೇಕಾಗುತ್ತದೆ. ರಸ್ತೆಯ ಮಟ್ಟ ಏರಿದರೆ ಹಳೆಯ ಚಾಳಿನ ಅಂಗಳಕ್ಕೆ ಮಳೆನೀರು ನುಗ್ಗುತ್ತದೆ. ಮರದ ಬುಡಕ್ಕೆ ಸಿಮೆಂಟು ಸುರಿದರೆ ಮುಂದಿನ ಮಳೆಗಾಲದಲ್ಲಿ ಮರವೇ ಉರುಳಬಹುದು. ಇವೆಲ್ಲ ಕೆಲಸ ಶುರುವಾಗುವ ಮೊದಲು ಕೇಳಬೇಕಾದ ಪ್ರಶ್ನೆಗಳು. ಜೆ.ಸಿ.ಬಿ. ಬಂದು ನಿಂತ ದಿನ ಕೇಳಿದರೆ ಸ್ಥಳದಲ್ಲಿರುವ ಎಂಜಿನಿಯರ್‌ಗೆ ಉತ್ತರಿಸುವ ಅಧಿಕಾರವೂ ಇರುವುದಿಲ್ಲ.

ಫುಟ್‌ಪಾತಿನ ಸ್ಥಿತಿಯಂತೂ ಹೇಳತೀರದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ವಸತಿ ಪ್ರದೇಶದಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ವ್ಯಾಪಾರ ಪ್ರದೇಶದಲ್ಲಿ 2.5 ಮೀಟರ್. ಕಟ್ಟೆಯ ಎತ್ತರ 15 ಸೆಂಟಿಮೀಟರ್ ಮೀರಬಾರದು. ಉಪನಗರದ ಯಾವುದೇ ರೈಲು ನಿಲ್ದಾಣದ ಹೊರಗೆ ಅಳತೆ ಟೇಪು ಹಿಡಿದು ನಿಂತರೆ ವಾಸ್ತವ ಏನೆಂಬುದು ತಿಳಿಯುತ್ತದೆ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದೂ, ಅದು ಅಂಗವಿಕಲರಿಗೂ ಬಳಸುವಂತಿರಬೇಕೆಂದೂ ಸುಪ್ರೀಂ ಕೋರ್ಟ್ 2025ರ ಮೇಯಲ್ಲಿ ಹೇಳಿದೆ. ಇದರಿಂದ ನಾಗರಿಕರ ವಾದಕ್ಕೆ ಬಲ ಬಂದಿದೆ.

ಈ ವಿಷಯದಲ್ಲಿ ತವರು ರಾಜ್ಯದ ಅನುಭವ ನೋಡಬಹುದು. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ ಮಲ್ಯ ರಸ್ತೆ, ಮ್ಯೂಸಿಯಂ ರಸ್ತೆಗಳನ್ನು ಕಳೆದ ದಶಕದಲ್ಲಿ ಟೆಂಡರ್‌ಶ್ಯೂರ್ ಎಂಬ ಕ್ರಮದಲ್ಲಿ ಮರುನಿರ್ಮಿಸಲಾಯಿತು. ಕೊಳವೆ, ಕೇಬಲ್‌ಗಳನ್ನು ಮೊದಲು ಫುಟ್‌ಪಾತಿನ ಕೆಳಗೆ ಜೋಡಿಸುವುದು, ವಾಹನದ ಪಥಕ್ಕೆ ಎಲ್ಲ ಕಡೆ ಒಂದೇ ಅಗಲ ಕೊಡುವುದು, ಉಳಿದ ಜಾಗವನ್ನೆಲ್ಲ ನಡೆಯುವವರಿಗೆ ಬಿಡುವುದು ಇದರ ತತ್ವ. ಖರ್ಚು ಜಾಸ್ತಿಯಾಯಿತು, ಕೆಲಸ ಎಳೆಯಿತು, ವಾಹನದವರು ಗೊಣಗಿದರು ಎಂಬುದು ನಿಜ. ಆದರೂ ಆ ರಸ್ತೆಗಳಲ್ಲಿ ವಯಸ್ಸಾದವರು ಕೋಲೂರಿ ನಿಶ್ಚಿಂತೆಯಿಂದ ನಡೆಯಬಲ್ಲರು. ಅದೇ ಬೆಂಗಳೂರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಒಳ್ಳೆಯ ವಿನ್ಯಾಸವಿದ್ದರೂ ಜನರ ಮಾತು ಕೇಳುವವರಿಲ್ಲದಿದ್ದರೆ ಅದು ಕೆಲವೇ ರಸ್ತೆಗಳಿಗೆ ನಿಂತುಬಿಡುತ್ತದೆ.

ಹೊಟೇಲು ಉದ್ಯಮಿಗಳಿಗೂ ಸಂಬಂಧವಿದೆ

ಕನ್ನಡಿಗರ ಹೊಟೇಲುಗಳು ಹೆಚ್ಚಾಗಿ ರಸ್ತೆಗೆ ಮುಖ ಮಾಡಿ ನಿಂತವು. ಅವರಿಗೆ ಈ ನಕ್ಷೆ ಹೊಟ್ಟೆಪಾಡಿನ ಪ್ರಶ್ನೆ. ಡಿ.ಪಿ.ಯಲ್ಲಿ ತೋರಿಸಿದ ರಸ್ತೆಯಗಲ ಒಂದಾದರೆ, 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯ 297ನೇ ಕಲಮಿನಂತೆ ಆಯುಕ್ತರು ನಿಗದಿಪಡಿಸುವ ರಸ್ತೆಯ ನಿಯತ ರೇಖೆ ಇನ್ನೊಂದು. ಈ ರೇಖೆಯೊಳಗೆ ಬರುವ ಕಟ್ಟಡದ ಭಾಗವನ್ನು ಮುಂದೆಂದಾದರೂ ರಸ್ತೆಗೆ ಬಿಟ್ಟುಕೊಡಬೇಕಾಗುತ್ತದೆ. ಅನೇಕ ಹಳೆಯ ಹೊಟೇಲುಗಳು ಪಗಡಿ ಬಾಡಿಗೆಯವು. ಜಾಗಕ್ಕೆ ಸಿಗುವ ಪರಿಹಾರ ಮಾಲಿಕನಿಗೆ ಹೋಗುತ್ತದೆ. ವ್ಯಾಪಾರ ಕಳೆದುಕೊಳ್ಳುವವನು ಬಾಡಿಗೆದಾರ. ಅವನಿಗೆ ಬದಲಿ ಮಳಿಗೆ ಸಿಗಬೇಕಾದರೆ ಅರ್ಹತೆಯ ದಾಖಲೆ ತೋರಿಸಬೇಕು.

ಮಂಜೂರಾದ ನಕ್ಷೆ ಇಲ್ಲದ ಹಳೆಯ ಕಟ್ಟಡಗಳ ವಿಷಯದಲ್ಲಿ ವಾಣಿಜ್ಯಕ್ಕೆ 1962ರ ಏಪ್ರಿಲ್ 1, ವಸತಿಗೆ 1964ರ ಏಪ್ರಿಲ್ 17 ಎಂಬ ದಿನಾಂಕಗಳನ್ನು ಪಾಲಿಕೆ ಗಡಿರೇಖೆಯಾಗಿ ನೋಡುತ್ತದೆ. ಅದಕ್ಕಿಂತ ಹಿಂದಿನದೆಂದು ತೋರಿಸಿದರೆ ಕಟ್ಟಡಕ್ಕೆ ರಕ್ಷಣೆ. ಆದ್ದರಿಂದ ಅಜ್ಜನ ಕಾಲದ ಲೈಸೆನ್ಸು, ವಿದ್ಯುತ್ ಬಿಲ್ಲು, ಬಾಡಿಗೆ ರಶೀದಿಗಳು ರದ್ದಿಗೆ ಹಾಕುವ ಕಾಗದಗಳಲ್ಲ. ಅವುಗಳನ್ನು ಜೋಪಾನವಾಗಿಟ್ಟವರ ಕೈ ಮೇಲಾಗುತ್ತದೆ. ನೋಟಿಸ್ ಬಂದ ಮೇಲೆ ಹುಡುಕಾಡುವವರಿಗೆ ದಿನ ಸಾಲುವುದಿಲ್ಲ.

ಬೀದಿ ವ್ಯಾಪಾರಿಗಳನ್ನು ಓಡಿಸಿದರೆ ಫುಟ್‌ಪಾತ್ ಸರಿಯಾಗುತ್ತದೆ ಎಂಬ ಅಭಿಪ್ರಾಯ ಸಂಘಗಳ ಸಭೆಗಳಲ್ಲಿ ಕೇಳಿಬರುವುದುಂಟು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ನಡೆಸಿ, ವ್ಯಾಪಾರ ಸಮಿತಿಯ ಮೂಲಕ ಜಾಗ ಗುರುತಿಸಬೇಕೆಂದು ಹೇಳುತ್ತದೆ. ಗುರುತಿಸುವ ಕೆಲಸ ಎಳೆದಷ್ಟೂ ನಡೆಯುವವನಿಗೂ ಕಷ್ಟ, ಮಾರುವವನಿಗೂ ಕಷ್ಟ. ಆದ್ದರಿಂದ ವ್ಯಾಪಾರ ವಲಯಗಳು ಬೇಗ ನಿಗದಿಯಾಗಲಿ ಎಂಬ ಬೇಡಿಕೆಯೇ ಫುಟ್‌ಪಾತಿನ ಬೇಡಿಕೆಯೂ ಆಗಬೇಕು.

ಸ್ವಂತ ಭವನಗಳ ಆಚೆಗೆ

ಮಾಟುಂಗದ ಭಾವುದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಶನ್ 1926ರಲ್ಲಿ ಆರಂಭವಾದದ್ದು. ಮಾಹಿಮ್‌ನಲ್ಲಿ ಕರ್ನಾಟಕ ಸಂಘದ ಡಾ. ವಿಶ್ವೇಶ್ವರಯ್ಯ ಸ್ಮಾರಕ ಮಂದಿರವಿದೆ. ಕುರ್ಲಾದಲ್ಲಿ ಬಂಟರ ಭವನ, ಸಾಂತಾಕ್ರೂಜ್‌ನಲ್ಲಿ ಬಿಲ್ಲವ ಭವನ ಎದ್ದು ನಿಂತಿವೆ. ಒಂದೊಂದು ಕಲ್ಲಿನ ಹಿಂದೆಯೂ ದಾನಿಗಳ ಬೆವರಿದೆ. ಆ ಪೀಳಿಗೆ ಪಾಲಿಕೆಯ ಮುಖ ನೋಡದೆ ತಮ್ಮ ಕಾಲ ಮೇಲೆ ನಿಂತು ಕಟ್ಟಿತು. ಆಗ ಜಾಗದ ಬೆಲೆ ಕೈಗೆಟಕುವಂತಿತ್ತು. ಆ ದಾರಿ ಇನ್ನು ಸುಲಭವಲ್ಲ. ಹೊಸ ಸಂಘವೊಂದು ಉಪನಗರದಲ್ಲಿ ದಾನದ ಹಣದಿಂದ ಭವನ ಕಟ್ಟುವುದು ಕನಸಿನ ಮಾತೇ ಸರಿ.

ಅಗತ್ಯ ಮಾತ್ರ ಹೆಚ್ಚಿದೆ. ಹೊಟೇಲಿನಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಪೀಳಿಗೆಗೆ ಈಗ ವಯಸ್ಸಾಗಿದೆ. ಮಕ್ಕಳು ದೂರದ ಉಪನಗರದಲ್ಲೋ ಪರದೇಶದಲ್ಲೋ ಇರುತ್ತಾರೆ. ಹಗಲು ಹೊತ್ತು ಕೂತು ಮಾತನಾಡಲು, ಪತ್ರಿಕೆ ಓದಲು, ರಕ್ತದೊತ್ತಡ ನೋಡಿಸಿಕೊಳ್ಳಲು ನಡೆದು ಹೋಗುವ ದೂರದಲ್ಲಿ ಒಂದು ಜಾಗ ಬೇಕು. 2034ರ ಯೋಜನೆಯಲ್ಲಿ ಇದಕ್ಕೆ ಅವಕಾಶವಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಹಿಂದಿನ ನಕ್ಷೆಗಳಲ್ಲಿದ್ದ ಶಾಲೆ, ಮಾರುಕಟ್ಟೆ, ದವಾಖಾನೆಗಳ ಜತೆಗೆ ವೃದ್ಧಾಶ್ರಮ, ಆರೈಕೆ ಕೇಂದ್ರ, ದುಡಿಯುವ ಮಹಿಳೆಯರ ವಸತಿ, ಮನೆಯಿಲ್ಲದವರ ಆಸರೆ, ಕೌಶಲ ತರಬೇತಿ ಸಹಿತದ ಆಧಾರ ಕೇಂದ್ರ ಎಂಬ ಹೊಸ ಬಗೆಯ ಮೀಸಲುಗಳನ್ನು ಇದರಲ್ಲಿ ಸೇರಿಸಲಾಗಿದೆ.

ಶಾಲೆಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡ ಮಾಧ್ಯಮದ ಮಕ್ಕಳ ಸಂಖ್ಯೆ ದಶಕಗಳಿಂದ ಇಳಿಯುತ್ತ ಬಂದಿರುವುದು ಶೋಚನೀಯ. ತರಗತಿ ಖಾಲಿಯಾದ ಕಟ್ಟಡ ಯಾವ ಉಪಯೋಗಕ್ಕೆ ಹೋಗಬೇಕೆಂಬ ಪ್ರಶ್ನೆ ಬಂದಾಗ, ಆ ಕೊಠಡಿ ಗ್ರಂಥಾಲಯಕ್ಕೋ ಸಂಜೆಯ ಭಾಷಾ ತರಗತಿಗೋ ಉಳಿಯಲಿ ಎಂದು ಮೊದಲೇ ಲಿಖಿತವಾಗಿ ಕೇಳಿದವರು ಇರಬೇಕು.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಪಾಲಿಕೆಯ ಜಾಗ ಸಾರ್ವಜನಿಕರದ್ದು. ನಮ್ಮ ಭಾಷೆಯವರಿಗೆ ಕೊಡಿ, ನಮ್ಮ ಸಮಾಜಕ್ಕೆ ಕೊಡಿ ಎಂದು ಕೇಳಿದರೆ ಯಾವ ಅಧಿಕಾರಿಯೂ ಒಪ್ಪಲಾರ, ಒಪ್ಪಲೂಬಾರದು. ಮರಾಠಿ, ಗುಜರಾತಿ, ತಮಿಳು ನೆರೆಯವರ ಜತೆಗೂಡಿ ಇಡೀ ಬಡಾವಣೆಗೆ ವಾಚನಾಲಯ ಬೇಕು, ಹಿರಿಯರ ಕೇಂದ್ರ ಬೇಕು ಎಂದು ಕೇಳಿದರೆ ಮಾತಿಗೆ ತೂಕ ಬರುತ್ತದೆ. ಅಂಥ ಕೇಂದ್ರವನ್ನು ನೋಂದಾಯಿತ ಸಂಸ್ಥೆಗಳಿಗೆ ನಡೆಸಲು ಒಪ್ಪಿಸುವ ಪದ್ಧತಿಯೂ ಇದೆ. ಲೆಕ್ಕಪತ್ರ ಶುದ್ಧವಾಗಿರುವ ಹಳೆಯ ಸಂಘಗಳಿಗೆ ಅಲ್ಲಿ ಅವಕಾಶವುಂಟು. ಕಪಾಟಿನಲ್ಲಿ ಕನ್ನಡ ಪುಸ್ತಕಕ್ಕೂ ಜಾಗ ತಾನಾಗಿ ಸಿಗುತ್ತದೆ.

ಸಂಘಗಳ ಸದಸ್ಯರ ಪಟ್ಟಿಯಲ್ಲಿಲ್ಲದ ಕನ್ನಡಿಗರೂ ಈ ನಗರದಲ್ಲಿದ್ದಾರೆ. ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹುಡುಕುತ್ತಾರೆ. ಅವರಿಗೆ ಸಾರ್ವಜನಿಕ ಶೌಚಾಲಯ, ನೀರಿನ ನಲ್ಲಿ, ಮಕ್ಕಳ ಅಂಗನವಾಡಿಗಳೇ ಸಮುದಾಯ ಸೌಲಭ್ಯ. ಮನವಿ ಪತ್ರದಲ್ಲಿ ಅವರದ್ದೂ ಒಂದು ಸಾಲು ಇರಬೇಕಾದದ್ದು ನ್ಯಾಯ.

ಹಣವಿಲ್ಲ ಎನ್ನುವಂತಿಲ್ಲ

ಪಾಲಿಕೆಯ 2025-26ರ ಬಜೆಟ್ 74,427 ಕೋಟಿ ರೂಪಾಯಿ. ಅದರಲ್ಲಿ 43 ಸಾವಿರ ಕೋಟಿಗೂ ಹೆಚ್ಚು ಹೊಸ ಕಾಮಗಾರಿಗಳಿಗೆ ಇಟ್ಟದ್ದು. ಬ್ಯಾಂಕುಗಳಲ್ಲಿದ್ದ ಪಾಲಿಕೆಯ ಠೇವಣಿ 2022ರಲ್ಲಿ 90 ಸಾವಿರ ಕೋಟಿ ರೂಪಾಯಿ ದಾಟಿತ್ತು, ಆಮೇಲೆ ಇಳಿಮುಖವಾಗಿದೆ. ಠೇವಣಿಯಲ್ಲಿ ನೌಕರರ ಭವಿಷ್ಯನಿಧಿ, ಗುತ್ತಿಗೆದಾರರ ಜಾಮೀನು ಹಣವೂ ಸೇರಿರುವುದರಿಂದ ಎಲ್ಲವನ್ನೂ ಖರ್ಚು ಮಾಡುವಂತಿಲ್ಲ ಎಂಬುದು ಸರಿಯೇ. ಆದರೂ ಒಂದು ವಾರ್ಡಿನ ಫುಟ್‌ಪಾತಿಗೆ, ಒಂದು ವಾಚನಾಲಯಕ್ಕೆ ಹಣವಿಲ್ಲ ಎಂಬ ಉತ್ತರವನ್ನು ನಂಬುವುದು ಕಷ್ಟ. ಸಾಗರ ತೀರದ ರಸ್ತೆ, ಸುರಂಗ ಮಾರ್ಗದಂಥ ದೊಡ್ಡ ಯೋಜನೆಗಳಿಗೆ ಕೇಳುವವರು ಬಲಾಢ್ಯರಿದ್ದಾರೆ. ಚಿಕ್ಕ ಸೌಲಭ್ಯಗಳಿಗೆ ಕೇಳುವವರಿಲ್ಲ. ಕೊರತೆಯಿರುವುದು ಅಲ್ಲಿ.

ಮಾಡಬೇಕಾದದ್ದು ಏನು?

ಪ್ರತಿ ಸಂಘವೂ ತನ್ನ ಕಚೇರಿಯಿರುವ ವಾರ್ಡಿನ ಡಿ.ಪಿ. ಹಾಳೆಯನ್ನು ತರಿಸಿ ಗೋಡೆಗೆ ಹಾಕಬೇಕು. ಮಾಟುಂಗ ಪೂರ್ವವಾದರೆ ಎಫ್ ಉತ್ತರ, ಮಾಹಿಮ್ ಆದರೆ ಜಿ ಉತ್ತರ, ಸಾಂತಾಕ್ರೂಜ್ ಪೂರ್ವವಾದರೆ ಎಚ್ ಪೂರ್ವ. ಅರ್ಧ ಕಿಲೋಮೀಟರ್ ಸುತ್ತಳತೆಯಲ್ಲಿ ಯಾವ ನಿವೇಶನ ಯಾವುದಕ್ಕೆ ಮೀಸಲು ಎಂದು ಪಟ್ಟಿ ಮಾಡಿ, ಒಬ್ಬೊಬ್ಬ ಸದಸ್ಯ ಒಂದೊಂದನ್ನು ಹೋಗಿ ನೋಡಿ ಬಂದರೆ ಎರಡು ಭಾನುವಾರದ ಕೆಲಸ. ಸಂಶಯವಿದ್ದ ಜಾಗಕ್ಕೆ ಶುಲ್ಕ ಕಟ್ಟಿ ಪಾಲಿಕೆಯಿಂದ ಡಿ.ಪಿ. ರಿಮಾರ್ಕ್ ಪಡೆಯಬಹುದು.

ಬಳಿಕ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಮೂರು ಪ್ರಶ್ನೆ ಕೇಳಿದರೆ ಸಾಕು. ಜಾಗದ ಮಾಲಿಕರು ಯಾರು? ಸ್ವಾಧೀನಕ್ಕೆ ಇದುವರೆಗೆ ಏನು ಕ್ರಮವಾಗಿದೆ? ಖರೀದಿ ನೋಟಿಸ್ ಬಂದಿದೆಯೇ? 30 ದಿನದೊಳಗೆ ಉತ್ತರ ಬರಬೇಕು. ಆ ಉತ್ತರವನ್ನು ಲಗತ್ತಿಸಿ ನಗರ ಸೇವಕರಿಗೆ ಮನವಿ ಕೊಟ್ಟರೆ ಅದನ್ನು ಭರವಸೆಯಲ್ಲೇ ಮುಗಿಸಲು ಬರುವುದಿಲ್ಲ, ಸಭೆಯಲ್ಲಿ ಪ್ರಶ್ನೆಯಾಗಿ ಎತ್ತಲೇಬೇಕಾಗುತ್ತದೆ.

ವಾರ್ಡ್ ಸಮಿತಿಯ ಬಾಗಿಲೂ ತೆರೆದಿದೆ. ಸಂವಿಧಾನದ 74ನೇ ತಿದ್ದುಪಡಿಯ ಬಳಿಕ ರೂಪುಗೊಂಡ ಈ ಸಮಿತಿಗಳಲ್ಲಿ ನಗರ ಸೇವಕರ ಜತೆಗೆ ಸಮಾಜಸೇವಾ ಸಂಸ್ಥೆಗಳ ಮೂವರವರೆಗೆ ನಾಮಕರಣಕ್ಕೆ ಅವಕಾಶವಿದೆ. ಆ ಕುರ್ಚಿಗಳಿಗೆ ಪಕ್ಷದ ಕಾರ್ಯಕರ್ತರೇ ಏಕೆ ಬರಬೇಕು? ನಿವೃತ್ತ ಶಿಕ್ಷಕರು, ಎಂಜಿನಿಯರುಗಳು, ಲೆಕ್ಕಪರಿಶೋಧಕರು ಕನ್ನಡ ಸಂಘಗಳಲ್ಲಿ ಧಾರಾಳವಾಗಿದ್ದಾರೆ. ಅವರ ಹೆಸರನ್ನು ಸಂಘಗಳು ಲಿಖಿತವಾಗಿ ಸೂಚಿಸಬೇಕು.

ಮೀಸಲು ಬದಲಿಸಲು ಹೊರಟಾಗ 37ನೇ ಕಲಮಿನಂತೆ ಪಾಲಿಕೆ ನೋಟಿಸ್ ಪ್ರಕಟಿಸಿ ಒಂದು ತಿಂಗಳೊಳಗೆ ಆಕ್ಷೇಪ ಕರೆಯಬೇಕು. ಮರಾಠಿ, ಇಂಗ್ಲಿಷ್ ಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಅದನ್ನು ದಿನವೂ ನೋಡುವ ಜವಾಬ್ದಾರಿಯನ್ನು ಒಬ್ಬ ಪದಾಧಿಕಾರಿಗೆ ವಹಿಸಬೇಕು. ಥಾಣೆ, ಮೀರಾ-ಭಾಯಂದರ್, ವಸಯಿ-ವಿರಾರ್, ಕಲ್ಯಾಣ್-ಡೊಂಬಿವಲಿ, ನವಿ ಮುಂಬಯಿಗಳಿಗೆ ಬೇರೆ ಪಾಲಿಕೆ, ಬೇರೆ ನಕ್ಷೆ, ಬೇರೆ ದಿನಾಂಕ. ಆದರೆ ಕಾಯ್ದೆ ಅದೇ. ಕನ್ನಡಿಗರು ಹೆಚ್ಚಾಗಿ ನೆಲೆ ಬದಲಿಸಿದ್ದು ಅತ್ತ ಕಡೆಗೇ ಆದ್ದರಿಂದ ಅಲ್ಲಿನ ಸಂಘಗಳೂ ಇದೇ ಲೆಕ್ಕವನ್ನು ತಮ್ಮ ನಕ್ಷೆಗೆ ಹಾಕಿ ನೋಡಬೇಕು.

ರಸ್ತೆ ಮುಗಿದ ಕಡೆಯಲ್ಲೂ ಕೆಲಸ ಮುಗಿದಿಲ್ಲ. ಹೊಸ ಕಾಂಕ್ರೀಟು ರಸ್ತೆಗಳಿಗೆ ಗುತ್ತಿಗೆದಾರನ ದೋಷ ನಿವಾರಣಾ ಹೊಣೆ 10 ವರ್ಷದ್ದು. ಬಿರುಕು ಕಂಡರೆ ದಿನಾಂಕ ಸಹಿತ ಫೋಟೊ ತೆಗೆದು ವಾರ್ಡ್ ಕಚೇರಿಗೆ ಕಳುಹಿಸಿ ಸ್ವೀಕೃತಿ ಪಡೆದರೆ, ದುರಸ್ತಿಯ ಖರ್ಚು ತೆರಿಗೆದಾರನ ತಲೆಗೆ ಬರುವುದಿಲ್ಲ.

2034ರ ಯೋಜನೆಗೆ ಭೂಬಳಕೆಯ ಸಮೀಕ್ಷೆ ಸಿದ್ಧವಾದದ್ದು 2012ರಲ್ಲಿ, ಯೋಜನೆ ಜಾರಿಯಾದದ್ದು 2018ರಲ್ಲಿ. ಈ ಲೆಕ್ಕದಲ್ಲಿ ಮುಂದಿನ ಯೋಜನೆಯ ಸಮೀಕ್ಷೆಯ ಕಾಲವೂ ಬಹಳ ದೂರವಿಲ್ಲ. ಅಷ್ಟರೊಳಗೆ ನಕ್ಷೆ ಓದಲು ಕಲಿತ ನಾಲ್ಕು ಮಂದಿ ಪ್ರತಿ ಸಂಘದಲ್ಲೂ ತಯಾರಾಗಬೇಕು. ಮುಂದಿನ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಜಮಾಖರ್ಚು, ಪದಾಧಿಕಾರಿಗಳ ಆಯ್ಕೆಯ ನಡುವೆ ವಾರ್ಡಿನ ಮೀಸಲು ನಿವೇಶನಗಳ ವರದಿ ಎಂಬ ಒಂದು ವಿಷಯವನ್ನು ಸೇರಿಸಲು ಯಾವ ಖರ್ಚೂ ಇಲ್ಲ. 2028ರ ಸೆಪ್ಟೆಂಬರ್‌ಗೆ ಮೊದಲು ಅಂಥ ಎರಡು ಮಹಾಸಭೆಗಳು ಸಿಕ್ಕರೆ ಹೆಚ್ಚು.